ಇಂಕ್ ಪ್ಯಾಡ್ ಎಂಬ ಮಸಿಬಟ್ಟೆ

"ಆಗಲೇ ಪ್ಯಾಡ್ ರೀಸೆಟ್ ಮಾಡಿಸಿದ್ದೇನಲ್ಲ, ಮತ್ತೇಕೆ ಸೋರುತ್ತಿದೆ?" ಎಂದು ಅತ್ತಿಗೆ ಕೇಳಿದರು. ಈ "ಪ್ಯಾಡ್ ರೀಸೆಟ್" ಎಂಬ ಮಾತು ಈ ತಿಂಗಳಲ್ಲೇ ನನ್ನ ಕಿವಿಗೆ ಬಿದ್ದದ್ದು ಇದು ನಾಲ್ಕನೆಯ ಸಲ. ಮನೆಪಾಠದ ಮಕ್ಕಳಿಗೆ ಪ್ರಶ್ನೆಪತ್ರಿಕೆ ಮುದ್ರಿಸುವ ಅವರ ಪ್ರಿಂಟರ್ ಬೇಸಿಗೆಯಲ್ಲಿ ಎರಡು ಕೆಂಪು ದೀಪ ಮಿನುಗಿಸಿ ನಿಂತುಬಿಟ್ಟಿತ್ತು. ಅಂಗಡಿಯವರು ಹತ್ತೇ ನಿಮಿಷದಲ್ಲಿ ಸರಿಮಾಡಿ ಕೊಟ್ಟರು. ಈಗ ಮೇಜಿನ ಹಾಸಿನ ಮೇಲೆ ಅಂಗೈಯಗಲದ ಕಪ್ಪು ಕಲೆ, ಅದರ ಅಂಚಿನಲ್ಲಿ ನೀಲಿ, ನೇರಳೆ.

ಪ್ಯಾಡ್ ಎಂದರೆ ಪ್ರಿಂಟರಿನೊಳಗೆ ಬೇಡದ ಇಂಕನ್ನು ಹೀರಿಕೊಳ್ಳುವ ಮೆತ್ತೆ. ಅದನ್ನು ರೀಸೆಟ್ ಮಾಡಲು, ಅಂದರೆ ಮತ್ತೆ ಸೊನ್ನೆಗೆ ತರಲು, ಬರುವುದಿಲ್ಲ. ಒದ್ದೆ ಬಟ್ಟೆಯನ್ನು ಯಾರಾದರೂ ರೀಸೆಟ್ ಮಾಡುತ್ತಾರೆಯೇ? ಹಿಂಡಬೇಕು, ಒಗೆಯಬೇಕು, ಇಲ್ಲವೇ ಬೇರೆ ತರಬೇಕು. ರೀಸೆಟ್ ಆಗುವುದು ಪ್ಯಾಡಿಗೆ ಎಷ್ಟು ಇಂಕು ಹೋಯಿತೆಂದು ಪ್ರಿಂಟರ್ ಇಡುವ ಲೆಕ್ಕ ಮಾತ್ರ.

ಎಡವಟ್ಟು ಹೆಸರಿನಲ್ಲೇ ಇದೆ. ನಮಗೆ ಇಂಕ್ ಪ್ಯಾಡ್ ಎಂದರೆ ಪಂಚಾಯಿತಿ ಕಚೇರಿಯಲ್ಲಿ, ಅಂಚೆ ಕಚೇರಿಯಲ್ಲಿ ಕಂಡ ತಗಡಿನ ಚಪ್ಪಟೆ ಡಬ್ಬಿ. ಮೊಹರನ್ನೋ ಹೆಬ್ಬೆಟ್ಟನ್ನೋ ಅದರ ಮೇಲೆ ಒತ್ತುತ್ತೇವೆ, ಅದು ಇಂಕು ಕೊಡುತ್ತದೆ. ಒಣಗಿದರೆ ನಾಲ್ಕು ಹನಿ ಬಿಡುತ್ತೇವೆ. ಪ್ರಿಂಟರಿನ ಹೊಟ್ಟೆಯಲ್ಲಿರುವ ಪ್ಯಾಡ್ ಇದಕ್ಕೆ ತೀರಾ ವಿರುದ್ಧ. ಅದು ಇಂಕು ಕುಡಿಯುತ್ತದೆ, ಒಂದು ಹನಿಯನ್ನೂ ಹಿಂದಕ್ಕೆ ಕೊಡಬಾರದು. ಪೂರ್ತಿ ಹೆಸರು ವೇಸ್ಟ್ ಇಂಕ್ ಪ್ಯಾಡ್. ಮಾತಿನಲ್ಲಿ "ವೇಸ್ಟ್" ಉದುರಿಹೋಯಿತು, ಅದರ ಜೊತೆಗೆ ಅರ್ಥವೂ ಹೋಯಿತು. ಎಪ್ಸನ್ ಪ್ರಿಂಟರುಗಳು ಪರದೆಯ ಮೇಲೆ ತೋರಿಸುವ ಸಂದೇಶದಲ್ಲೂ ಬರೀ ಇಂಕ್ ಪ್ಯಾಡಿನ ಆಯುಸ್ಸು ಮುಗಿದಿದೆ ಎಂದೇ ಇರುತ್ತದೆ. ಅದನ್ನು ಓದಿದವರು ಇಂಕು ಮುಗಿಯಿತೆಂದುಕೊಂಡು ಹೊಸ ಬಾಟಲಿ ತಂದು ಟ್ಯಾಂಕ್ ತುಂಬಿಸುತ್ತಾರೆ. ಆಗಿರುವುದು ಇಂಕು ಖಾಲಿಯಲ್ಲ, ಮೋರಿ ಭರ್ತಿ! ಕ್ಯಾನನ್‌ನವರು ಬಳಸುವ "ಇಂಕ್ ಅಬ್ಸಾರ್ಬರ್" ಎಷ್ಟೋ ಮೇಲು; ಹೀರುವ ಕೆಲಸ ಹೆಸರಿನಲ್ಲೇ ಇದೆ.

ಕನ್ನಡದಲ್ಲಿ ಇದಕ್ಕೆ ಪದ ಹುಡುಕಬೇಕಿಲ್ಲ, ಅಡುಗೆಮನೆಯಲ್ಲೇ ಇದೆ: ಮಸಿಬಟ್ಟೆ. ಒಲೆಯ ಮೇಲಿನ ಪಾತ್ರೆಯ ಕಪ್ಪನ್ನೆಲ್ಲ ತಾನು ಮೆತ್ತಿಕೊಂಡು ಕೈಯನ್ನು ಶುಚಿಯಾಗಿಡುವ ಬಟ್ಟೆ. ಮಸಿ ಎಂಬ ಪದ ಸಂಸ್ಕೃತದಿಂದ ಬಂದದ್ದು; ಒಲೆಯ ಕಾಡಿಗೆಗೂ ಬರೆಯುವ ದ್ರವಕ್ಕೂ ಅದೊಂದೇ ಹೆಸರು, ಹಿಂದೆ ಕಾಡಿಗೆಯಿಂದಲೇ ಮಸಿ ಮಾಡುತ್ತಿದ್ದರಲ್ಲ. ಶಾಯಿಯ ಮೂಲ ಪಾರಸಿಯ "ಸಿಯಾಹ್", ಅಂದರೆ ಕಪ್ಪು. ಅದು ಸಿಯಾಹಿಯಾಗಿ, ಮರಾಠಿಯಲ್ಲಿ ಶಾಈ ಆಗಿ, ನಮ್ಮಲ್ಲಿ ಶಾಯಿಯಾಯಿತು. ಹಾಗಾಗಿ ಮೂಲಾರ್ಥ ಹಿಡಿದರೆ ಕೆಂಪು ಶಾಯಿ ಎಂದರೆ ಕೆಂಪು ಕಪ್ಪು. ಇಂಕಿನ ಬೇರು ಇನ್ನೂ ದೂರದ್ದು: ಗ್ರೀಕಿನ "ಎನ್ಕೌಸ್ಟೋಸ್", ಸುಟ್ಟು ಒಳಗಿಳಿಸಿದ್ದು ಎಂದರ್ಥ. ಅದು ಲ್ಯಾಟಿನ್ನಿನಲ್ಲಿ ರೋಮನ್ ಚಕ್ರವರ್ತಿಗಳು ರುಜು ಹಾಕುತ್ತಿದ್ದ ನೇರಳೆಗೆಂಪು ಮಸಿಯ ಹೆಸರಾಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಇಂದು ಮೂರೂ ಪದಗಳು ಕೆಲಸ ಹಂಚಿಕೊಂಡಿವೆ. ಮತದಾರರ ಬೆರಳಿಗೆ ಶಾಯಿ, ಪ್ರಿಂಟರಿಗೆ ಇಂಕು, ಮುಖಕ್ಕೆ ಬಳಿಯುವುದಕ್ಕೆ ಮಸಿ. ಪ್ರಿಂಟರ್ ಕೊಳೆಯೆಂದು ಹೊರದಬ್ಬಿದ ಇಂಕಿಗೆ ಮಸಿ ಎನ್ನುವುದೇ ಸರಿ ಎಂದು ನನಗನ್ನಿಸುತ್ತದೆ.

ಇಷ್ಟು ಮಸಿ ಬರುವುದೆಲ್ಲಿಂದ? ಪ್ರತಿ ಸಲ "ಹೆಡ್ ಕ್ಲೀನಿಂಗ್" ಒತ್ತಿದಾಗ ಪ್ರಿಂಟ್ ಹೆಡ್, ಅಂದರೆ ಕಾಗದದ ಮೇಲೆ ಇಂಕು ಚಿಮ್ಮಿಸುವ ಭಾಗ, ಬಲ ತುದಿಗೆ ಸರಿದು ರಬ್ಬರ್ ಅಂಚಿನ ಒಂದು ಕ್ಯಾಪ್ ಮೇಲೆ ಕೂರುತ್ತದೆ. ಕೆಳಗಿನ ಪುಟ್ಟ ಪಂಪು ಹೆಡ್ಡಿನ ಸೂಕ್ಷ್ಮ ರಂಧ್ರಗಳಿಂದ ಇಂಕನ್ನು ಎಳೆದು, ಕಡ್ಡಿಗಾತ್ರದ ಕೊಳವೆಯ ಮೂಲಕ ಪ್ಯಾಡಿಗೆ ಬಿಡುತ್ತದೆ. ಅಕ್ಷರ ಸ್ವಲ್ಪ ಮಾಸಿತೆಂದು ಸಾಲಾಗಿ ಐದು ಸಲ ಕ್ಲೀನಿಂಗ್ ಕೊಡುವವರು ಕೊಂಡ ಇಂಕನ್ನೇ ಮೋರಿಗೆ ಸುರಿಯುತ್ತಿರುತ್ತಾರೆ.

ಇನ್ನು ಲೆಕ್ಕದ ವಿಷಯ. ಮನೆಯ ಸಾಧಾರಣ ಪ್ರಿಂಟರಿಗೆ ಪ್ಯಾಡ್ ಎಷ್ಟು ಒದ್ದೆಯಾಗಿದೆ ಎಂಬುದು ಕಾಣುವುದಿಲ್ಲ. ಎಷ್ಟು ಸಲ ಕ್ಲೀನಿಂಗ್ ಆಯಿತು, ಎಷ್ಟು ಇಂಕು ಹೊರಹೋಗಿರಬಹುದು ಎಂದು ಅಂದಾಜಿನಲ್ಲಿ ಕೂಡಿಸುತ್ತಾ ಹೋಗಿ, ಗೊತ್ತಾದ ಮಿತಿ ಮುಟ್ಟಿದಾಗ ನಿಲ್ಲುತ್ತದೆ. ಕ್ಯಾನನ್‌ನ ಹಲವು ಮಾದರಿಗಳಲ್ಲಿ ಕಾಣುವ 5ಬಿ00 ಎಂಬ ಸಂಕೇತ ಇದೇ ಮಿತಿಯದು. ಕಂಪ್ಯೂಟರಿಗೆ ಜೋಡಿಸಿ ರೀಸೆಟ್ ತಂತ್ರಾಂಶ ಓಡಿಸಿದರೆ ಈ ಕೂಡಿಕೆ ಸೊನ್ನೆಗೆ ಬರುತ್ತದೆ. ಪ್ಯಾಡಿನೊಳಗಿನ ಮಸಿ ಇದ್ದಲ್ಲೇ ಇರುತ್ತದೆ. ಹೊಸ ಲೆಕ್ಕ, ಹಳೆಯ ಪ್ಯಾಡ್: ಅತ್ತಿಗೆಯ ಮೇಜಿನ ಕಲೆಗೆ ಕಾರಣ ಇಷ್ಟೇ. ಲೆಕ್ಕ ಅಳಿಸಿದ್ದಕ್ಕೆ ರಿಪೇರಿ ಎಂದು ಹೆಸರಿಟ್ಟು ಹಣ ಪಡೆಯುವುದು ತಪ್ಪು, ಅದನ್ನು ನೇರವಾಗಿಯೇ ಹೇಳುತ್ತೇನೆ.

ಅತ್ತಿಗೆಯ ಪ್ರಿಂಟರಿನ ಹಿಂಬದಿಯ ತಿರುಪು ಬಿಚ್ಚಿ ಪ್ಯಾಡಿನ ತಟ್ಟೆಯನ್ನು ಹೊರಗೆಳೆದೆ. ಮೊದಲೊಮ್ಮೆ ಬಿಳಿಯಾಗಿದ್ದ ನಾರಿನ ಪದರಗಳು ಜೋನಿಬೆಲ್ಲದಲ್ಲಿ ಅದ್ದಿದಂತೆ ಮಿರುಗುತ್ತಿದ್ದವು. ಬಕೆಟ್ಟಿನಲ್ಲಿ ಹಿಂಡಿದರೆ ಎಂಟನೆಯ ನೀರಿನಲ್ಲೂ ನೀಲಿ ಬಿಡುತ್ತಿತ್ತು. ತೊಳೆದು ಮೂರು ದಿನ ನೆರಳಲ್ಲಿ ಒಣಗಿಸಿ, ಬಿಚ್ಚುವ ಮೊದಲು ತೆಗೆದ ಫೋಟೋ ನೋಡಿಕೊಂಡು ಅದೇ ಕ್ರಮದಲ್ಲಿ ಜೋಡಿಸಿದೆ. ಕೈಗವಸು ಹಾಕಿಕೊಳ್ಳದಿದ್ದರೆ ಉಗುರಿನ ಸಂದಿಯ ಬಣ್ಣ ವಾರವಾದರೂ ಹೋಗುವುದಿಲ್ಲ. ಕೊಳವೆಯ ತುದಿ ಮತ್ತೆ ತಟ್ಟೆಯೊಳಕ್ಕೇ ಕೂತಿದೆಯೇ ಎಂದು ನೋಡಲೇಬೇಕು. ಅದು ಹೊರಗುಳಿದರೆ ಹೊಸ ಪ್ಯಾಡ್ ಹಾಕಿದರೂ ಸೋರುತ್ತದೆ. ಲೆಕ್ಕವನ್ನು ರೀಸೆಟ್ ಮಾಡಬೇಕಾದದ್ದು ಇದೆಲ್ಲ ಮುಗಿದ ಮೇಲೆ.

ಕ್ಯಾಪ್ ಕಟ್ಟಿಕೊಂಡಿದ್ದರೂ "ಪ್ಯಾಡ್ ಹೋಗಿದೆ" ಎನ್ನುವವರಿದ್ದಾರೆ. ಅದು ಬೇರೆಯೇ ತೊಂದರೆ. ಸಿರಿಂಜಿನಲ್ಲಿ ಕ್ಯಾಪಿನೊಳಕ್ಕೆ ಸ್ವಲ್ಪ ನೀರು ಬಿಟ್ಟು ಒಮ್ಮೆ ಕ್ಲೀನಿಂಗ್ ಕೊಡಿ. ನೀರು ಇಳಿದುಹೋದರೆ ದಾರಿ ಚೆನ್ನಾಗಿದೆ. ನಿಂತೇ ಇದ್ದರೆ ಕೊಳವೆ ಕಟ್ಟಿದೆ ಅಥವಾ ಪಂಪು ಎಳೆಯುತ್ತಿಲ್ಲ, ಪ್ಯಾಡನ್ನು ದೂರಿ ಪ್ರಯೋಜನವಿಲ್ಲ.

ಹೊಸ ಮಾದರಿಗಳು ಕೆಲವು ಈ ಗೊಂದಲವನ್ನೇ ತೆಗೆದುಹಾಕಿವೆ. ಕ್ಯಾನನ್‌ನ ಜಿ3020ಕ್ಕೆ ಎಂಸಿ-ಜಿ02 ಎಂಬ ಮೆಂಟೆನೆನ್ಸ್ ಕಾರ್ಟ್ರಿಜ್ ಬರುತ್ತದೆ. ಎಪ್ಸನ್‌ನ ಕೆಲವಕ್ಕೆ ಇಂಥದೇ ಮೆಂಟೆನೆನ್ಸ್ ಬಾಕ್ಸ್. ಮಸಿ ಹೀರುವ ಮೆತ್ತೆ ಆ ಪೆಟ್ಟಿಗೆಯೊಳಗೇ ಇರುತ್ತದೆ. ತುಂಬಿದಾಗ ಹಳೆಯದನ್ನು ಎಳೆದು ಹೊಸದನ್ನು ತಳ್ಳಿದರೆ ಕೆಲಸ ಮುಗಿಯಿತು. ಅಂಥ ಪ್ರಿಂಟರ್ ಇರುವವರು "ಬಾಕ್ಸ್ ಬದಲಿಸಿದೆ" ಎಂದರೆ ಸಾಕು.