ಸೈಟ್‌ಮ್ಯಾಪ್ ಕೊಟ್ಟರೂ ಪುಟ ಗೂಗಲ್‌ನಲ್ಲಿ ಯಾಕೆ ಸಿಗುವುದಿಲ್ಲ?

ಹೊಸದಾಗಿ ವೆಬ್‌ಸೈಟ್ ಶುರು ಮಾಡಿದವರಿಗೆಲ್ಲ ಸಿಗುವ ಸಲಹೆ ಒಂದೇ: ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ವಿಳಾಸಗಳ ಪಟ್ಟಿ ಇರುವ ಫೈಲ್) ಹಾಕಿ, ಗೂಗಲ್‌ಗೆ ಸಲ್ಲಿಸಿ. ಹಾಕುತ್ತಾರೆ. ಸೈಟ್ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ‘ಯಶಸ್ವಿ’ ಎನ್ನುತ್ತದೆ. ತಿಂಗಳಾದರೂ ಅರ್ಧ ಪುಟಗಳು ಹುಡುಕಿದರೆ ಸಿಗುವುದಿಲ್ಲ. ಆಗ ಒಬ್ಬರು ಸೈಟ್‌ಮ್ಯಾಪ್ ತಯಾರಿಸುವ ಪ್ಲಗಿನ್ (ಸೇರ್ಪಡೆ ತಂತ್ರಾಂಶ) ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಅದರಲ್ಲಿ ಪುಟ ಎಷ್ಟು ಮುಖ್ಯ ಎಂದು ಹೇಳುವ ಪ್ರಯಾರಿಟಿ ಜಾಸ್ತಿ ಮಾಡಿ ಎನ್ನುತ್ತಾರೆ, ಮತ್ತೊಬ್ಬರು ಸೈಟ್‌ಮ್ಯಾಪೇ ಬೇಡ ಎನ್ನುತ್ತಾರೆ. ಇವೆಲ್ಲ ಬೇರೆ ಬೇರೆ ಕಾಲದ ಮಾತುಗಳು. ಹೇಳುವವರು ಯಾವ ಕಾಲದ್ದು ಎಂದು ಹೇಳುವುದಿಲ್ಲ, ಅಷ್ಟೇ.

1990ರ ದಶಕದಲ್ಲಿ ಸರ್ಚ್ ಎಂಜಿನ್‌ಗಳ ಕ್ರಾಲರ್‌ಗಳು, ಅಂದರೆ ಪುಟಗಳನ್ನು ಹುಡುಕಿ ಓದುವ ತಂತ್ರಾಂಶಗಳು, ಒಂದು ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತಾ ಪುಟಗಳನ್ನು ಕಂಡುಕೊಳ್ಳುತ್ತಿದ್ದವು. 1994ರಲ್ಲಿ ತಂತ್ರಾಂಶ ಎಂಜಿನಿಯರ್ ಮಾರ್ಟೈನ್ ಕೋಸ್ಟರ್ ಸೂಚಿಸಿದ ರೋಬಾಟ್ಸ್ ಫೈಲ್ (robots.txt) ಈ ಕ್ರಾಲರ್‌ಗಳಿಗೆ ‘ಇತ್ತ ಬರಬೇಡಿ’ ಎನ್ನುವುದಕ್ಕೆ ಮಾತ್ರ ಇತ್ತು. ‘ಇಲ್ಲಿ ಇಷ್ಟು ಪುಟಗಳಿವೆ, ಬನ್ನಿ’ ಎಂದು ಒಟ್ಟಿಗೆ ಹೇಳಲು ಎಲ್ಲರೂ ಒಪ್ಪಿದ ದಾರಿ ಇರಲಿಲ್ಲ. ಡೇಟಾಬೇಸ್‌ನ ಆಳದಲ್ಲಿರುವ, ಯಾವ ಲಿಂಕೂ ಇಲ್ಲದ ಪುಟ ಸುಮ್ನೆ ಬಿದ್ದಿರುತ್ತಿತ್ತು.

2005ರ ಜೂನ್‌ನಲ್ಲಿ ಗೂಗಲ್ ಇದಕ್ಕೊಂದು ಎಕ್ಸ್‌ಎಂಎಲ್ (ಯಂತ್ರಗಳು ಸುಲಭವಾಗಿ ಓದುವ ಬರಹ ರೂಪ) ಫೈಲ್ ತಂದಿತು. ಅದೇ ಸೈಟ್‌ಮ್ಯಾಪ್. 2006ರ ನವೆಂಬರ್‌ನಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಅದನ್ನೇ ಒಪ್ಪಿಕೊಂಡವು. ಪರಸ್ಪರ ಪೈಪೋಟಿಯಲ್ಲಿದ್ದ ಮೂರು ಕಂಪನಿಗಳು ಒಂದು ವಿಷಯದಲ್ಲಿ ಒಂದಾದದ್ದು ಸಣ್ಣ ಮಾತಲ್ಲ. 2007ರಲ್ಲಿ ರೋಬಾಟ್ಸ್ ಫೈಲ್‌ನಲ್ಲೇ ಒಂದು ಸಾಲು ಸೇರಿಸಿ ಸೈಟ್‌ಮ್ಯಾಪ್ ಎಲ್ಲಿದೆ ಎಂದು ತೋರಿಸುವ ಅನುಕೂಲವೂ ಬಂತು. ಒಂದು ಫೈಲ್‌ನಲ್ಲಿ 50,000 ವಿಳಾಸ, ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು ಫೈಲ್. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ತೊಡಕು ಶುರುವಾದದ್ದು ವಿಳಾಸದ ಜೊತೆ ಕೊಡಬಹುದಾದ ಮೂರು ಮಾಹಿತಿಗಳಿಂದ. ಒಂದು, ಪುಟ ಕೊನೆಯ ಸಲ ಬದಲಾದ ದಿನ, ಅಂದರೆ ಲಾಸ್ಟ್‌ಮಾಡ್. ಎರಡು, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎನ್ನುವುದು. ಮೂರು, ಪ್ರಯಾರಿಟಿ, 0.0ಯಿಂದ 1.0ವರೆಗೆ. ಮೂರನ್ನೂ ತುಂಬುವವರು ಸೈಟ್‌ನ ಮಾಲೀಕರೇ. ಪರಿಶೀಲಿಸುವವರಿಲ್ಲ. ಮುಂದೆ ಏನಾಯಿತು ಎಂದು ಊಹಿಸುವುದು ಕಷ್ಟವಲ್ಲ, ಅಲ್ವಾ?

ಪ್ರಯಾರಿಟಿ ಇದ್ದದ್ದು ಒಂದೇ ಸೈಟ್‌ನ ಪುಟಗಳ ನಡುವೆ ಯಾವುದು ಮುಖ್ಯ ಎಂದು ಹೇಳಲು. ಪಕ್ಕದ ಸೈಟನ್ನು ಹಿಂದಿಕ್ಕಲು ಅಲ್ಲ. ನಿಯಮದಲ್ಲೇ ಹಾಗೆ ಬರೆದಿತ್ತು. ಆದರೂ ಎಲ್ಲ ಪುಟಗಳಿಗೂ 1.0 ಕೊಡುವ ರೂಢಿ ಬೆಳೆಯಿತು. ಎಲ್ಲವೂ ಮುಖ್ಯ ಎಂದರೆ ಯಾವುದೂ ಮುಖ್ಯವಲ್ಲ ಎಂದೇ ಲೆಕ್ಕ. ವರ್ಷಕ್ಕೊಮ್ಮೆಯೂ ಮುಟ್ಟದ ‘ನಮ್ಮ ಬಗ್ಗೆ’ ಪುಟ ಕೂಡ ‘ದಿನವೂ ಬದಲಾಗುತ್ತದೆ’ ಎಂದು ದಾಖಲಾಗುತ್ತಿತ್ತು. ಇದೆಲ್ಲ ಕೆಟ್ಟ ಉದ್ದೇಶದಿಂದಲೇ ಆಯಿತು ಎನ್ನಲಾಗದು. ಪ್ಲಗಿನ್‌ನಲ್ಲಿ ಆಯ್ಕೆ ಕೊಟ್ಟಿದ್ದರು, ಜನ ದೊಡ್ಡ ಸಂಖ್ಯೆ ಆರಿಸಿದರು. ಈಗ ಪ್ರಯಾರಿಟಿ, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎನ್ನುವುದು, ಈ ಎರಡನ್ನೂ ತಾನು ನೋಡುವುದೇ ಇಲ್ಲ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಬರೆದಿದೆ. ಆದರೂ ‘ಪ್ರಯಾರಿಟಿ ಸೆಟ್ಟಿಂಗ್’ಗೆ ದುಡ್ಡು ತೆಗೆದುಕೊಳ್ಳುವವರು ಇನ್ನೂ ಇದ್ದಾರೆ.

ಲಾಸ್ಟ್‌ಮಾಡ್ ಉಳಿದುಕೊಂಡಿತು, ಆದರೆ ಷರತ್ತಿನ ಮೇಲೆ. ಹಲವು ತಂತ್ರಾಂಶಗಳು ಫೈಲ್ ತಯಾರಾದ ಹೊತ್ತನ್ನೇ ಎಲ್ಲ ಪುಟಗಳಿಗೂ ಹಾಕಿಬಿಡುತ್ತಿದ್ದವು. ಹಾಗಾಗಿ ದಿನಾಂಕ ನಿಜವೆಂದು ಮತ್ತೆ ಮತ್ತೆ ಕಂಡುಬಂದರೆ ಮಾತ್ರ ಗೂಗಲ್ ಅದನ್ನು ನಂಬುತ್ತದೆ. ಪುಟದ ಅಡಿಯಲ್ಲಿರುವ ಕಾಪಿರೈಟ್ ವರ್ಷ ತಿದ್ದಿದ್ದು ಬದಲಾವಣೆ ಎನಿಸುವುದಿಲ್ಲ. 2020ರ ಆಗಸ್ಟ್‌ನಲ್ಲಿ ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ 5.5 ಆವೃತ್ತಿ ತನ್ನದೇ ಸೈಟ್‌ಮ್ಯಾಪ್ ಕೊಟ್ಟಾಗ ಪ್ರಯಾರಿಟಿಯನ್ನು ಸೇರಿಸಲೇ ಇಲ್ಲ. ನನ್ನ ಮಟ್ಟಿಗೆ ಇದು ತಡವಾಗಿ ಬಂದ ಒಳ್ಳೆಯ ಬುದ್ಧಿ.

‘ಪಿಂಗ್’ ಸೌಲಭ್ಯಕ್ಕೂ ಇದೇ ಗತಿ. ಸೈಟ್‌ಮ್ಯಾಪ್ ಬದಲಾಗಿದೆ ಎಂದು ಯಾರು ಬೇಕಾದರೂ, ಲಾಗಿನ್ ಇಲ್ಲದೆಯೇ ತಿಳಿಸಬಹುದಿತ್ತು. ಬರುತ್ತಿದ್ದದ್ದು ಬಹುಪಾಲು ಸ್ಪ್ಯಾಮ್. 2022ರಲ್ಲಿ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್ ಈ ಸೌಲಭ್ಯದ ಬಾಗಿಲು ಹಾಕಿತು. 2023ರಲ್ಲಿ ಗೂಗಲ್ ಕೂಡ ಇದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಕನ್ನಡ ಸೈಟ್‌ಗಳಿಗೆ ಇನ್ನೊಂದು ತಾಪತ್ರಯ ಇದೆ. ವಿಳಾಸದಲ್ಲಿ ಕನ್ನಡ ಬಳಸಿದರೆ ಸೈಟ್‌ಮ್ಯಾಪ್‌ನಲ್ಲಿ ಅದು ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ‘ಕ’ ಒಂದಕ್ಕೇ 9 ಅಕ್ಷರ (%E0%B2%95). ಕಾಗುಣಿತ, ಒತ್ತು ಸೇರಿದರೆ ಇನ್ನೂ ಉದ್ದ. ವಿಳಾಸದಲ್ಲಿ ತಲೆಬರಹದಿಂದ ಬರುವ ಭಾಗವನ್ನು ವರ್ಡ್‌ಪ್ರೆಸ್ ಇಂಥ 200 ಅಕ್ಷರಕ್ಕೆ ಕತ್ತರಿಸುವುದರಿಂದ ಉದ್ದದ ಕನ್ನಡ ತಲೆಬರಹ ನಡುವೆಯೇ ತುಂಡಾಗುತ್ತದೆ. ಆಮೇಲೆ ಅದನ್ನು ಕೈಯಾರೆ ತಿದ್ದಿದಾಗ ಹಳೆಯ ವಿಳಾಸವೇ ಸೈಟ್‌ಮ್ಯಾಪ್‌ನಲ್ಲಿ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಹಾಗಂತ ಕನ್ನಡ ವಿಳಾಸ ಬಿಡಬೇಕಿಲ್ಲ, ಚಿಕ್ಕದಾಗಿಟ್ಟರೆ ಸಾಕು.

ಸುಮಾರು 500 ಪುಟಗಳೊಳಗಿನ, ಒಳಲಿಂಕ್‌ಗಳು ಚೆನ್ನಾಗಿರುವ ಸೈಟ್‌ಗೆ ಸೈಟ್‌ಮ್ಯಾಪ್ ಇಲ್ಲದಿದ್ದರೂ ನಡೆದೀತು ಎನ್ನುತ್ತದೆ ಗೂಗಲ್. ಸುದ್ದಿ ತಾಣ, ಅಂಗಡಿ, ಹಳೆಯ ಲೇಖನಗಳ ದೊಡ್ಡ ಸಂಗ್ರಹ ಇದ್ದರೆ ಖಂಡಿತ ಬೇಕು. ಇನ್ನು ಸಿಗದ ಪುಟಗಳ ವಿಷಯ. ಸರ್ಚ್ ಕನ್ಸೋಲ್‌ನಲ್ಲಿ ‘ಡಿಸ್ಕವರ್ಡ್’ ಎಂದಿದ್ದರೆ ವಿಳಾಸ ಗೂಗಲ್‌ಗೆ ಗೊತ್ತಾಗಿದೆ, ಇನ್ನೂ ಬಂದು ನೋಡಿಲ್ಲ. ಅಲ್ಲಿಗೆ ಸೈಟ್‌ಮ್ಯಾಪ್‌ನ ಕೆಲಸ ಮುಗಿದಿದೆ. ಮುಖ್ಯ ಪುಟಗಳಿಂದ ಅದಕ್ಕೊಂದು ಲಿಂಕ್ ಕೊಟ್ಟು ನೋಡಬಹುದು. ‘ಕ್ರಾಲ್ಡ್’ ಎಂದಿದ್ದರೆ ಬಂದು, ನೋಡಿ, ಸದ್ಯಕ್ಕೆ ಬೇಡ ಎಂದು ಬಿಟ್ಟುಹೋಗಿದೆ. ಆಗ ತೆರೆದು ನೋಡಬೇಕಾದದ್ದು ಆ ಪುಟವನ್ನೇ ಹೊರತು ಪ್ಲಗಿನ್ನಿನ ಸೆಟ್ಟಿಂಗನ್ನಲ್ಲ.