‘ಒನ್ಸ್’ ಎಂದರೆ ಹನ್ನೊಂದು

ಇಂಗ್ಲಿಷಿನಲ್ಲಿ ‘ಒನ್ಸ್’ ಎಂದು ಬರೆಯುವ ನಾಲ್ಕು ಅಕ್ಷರಗಳನ್ನೇ ಸ್ಪ್ಯಾನಿಷ್ ಬಲ್ಲವರು ‘ಓನ್ಸೆ’ ಎಂದು ಓದುತ್ತಾರೆ. ಅರ್ಥ, ಹನ್ನೊಂದು. ಮಾತ್ರೆ ಡಬ್ಬಿಯ ಮೇಲೆ ‘ಒನ್ಸ್ ಎ ಡೇ’ ಎಂದು ಅಚ್ಚಾಗಿದ್ದರೆ ಏನಾದೀತು ಊಹಿಸಿ. ಅದು ರಕ್ತದ ಸಕ್ಕರೆ ಇಳಿಸುವ ಗ್ಲಿಪಿಜೈಡ್ ಎಂಬ ಮಧುಮೇಹದ ಮಾತ್ರೆಯಾಗಿದ್ದರಂತೂ ಜೀವಕ್ಕೇ ಸಂಚಕಾರ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಫಾರ್ಮಸಿಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಂಪ್ಯೂಟರ್ ಅನುವಾದಿಸಿದ ಸ್ಪ್ಯಾನಿಷ್ ಲೇಬಲ್‌ಗಳ ಪೈಕಿ ಅರ್ಧದಷ್ಟರಲ್ಲಿ ತಪ್ಪಿತ್ತು. ಸ್ಪ್ಯಾನಿಷ್ ಮಾತಾಡುವ ರೋಗಿಗಳನ್ನು ನೋಡುವವರು ನೀವಾದರೆ, ಚೀಟಿಯಲ್ಲಿ ‘1 ಮಾತ್ರೆ, ಬೆಳಗಿನ ತಿಂಡಿಯ ಜೊತೆ’ ಎಂದು ಅಂಕಿಯಲ್ಲೇ ಬರೆಯಿರಿ. ಮುಂದಿನ ಭೇಟಿಗೆ ಡಬ್ಬಿ ತರಿಸಿ, ರೋಗಿಯಿಂದಲೇ ಓದಿಸಿ.

ಅಮೆರಿಕದಲ್ಲಿ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕೆಲಸದಲ್ಲಿರುವ ಕನ್ನಡಿಗರು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮಧುಮೇಹಿಗಳನ್ನು ನೋಡುತ್ತಲೇ ಇರುತ್ತಾರೆ. ಆದರೆ ‘ಲ್ಯಾಟಿನೋ’ ಎಂಬುದು ಒಂದೇ ಜನವಲ್ಲ. ಬ್ರಾಂಕ್ಸ್, ಷಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊ ನಗರಗಳಲ್ಲಿ 16,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಮಧುಮೇಹದ ಪ್ರಮಾಣ ದಕ್ಷಿಣ ಅಮೆರಿಕ ಮೂಲದವರಲ್ಲಿ ಸುಮಾರು 10%, ಮೆಕ್ಸಿಕೊ, ಪೋರ್ಟೊರಿಕೊ, ಡೊಮಿನಿಕನ್ ಮೂಲದವರಲ್ಲಿ 18%ರ ಆಸುಪಾಸು. ಊಟವೂ ಬೇರೆ ಬೇರೆ. ‘ತೊರ್ತಿಯಾ ಕಡಿಮೆ ಮಾಡಿ’ (ತೊರ್ತಿಯಾ ಎಂದರೆ ಮೆಕ್ಸಿಕೊದವರ ತೆಳು ರೊಟ್ಟಿ) ಎಂಬ ಕರಪತ್ರವನ್ನು ಅನ್ನ, ಬಾಳೆಕಾಯಿ ಉಣ್ಣುವ ಪೋರ್ಟೊರಿಕೊ ಮೂಲದವರಿಗೆ ಕೊಡುವುದೆಂದರೆ, ಮುದ್ದೆ ಉಣ್ಣುವ ಮನೆಗೆ ಹೋಗಿ ಚಪಾತಿ ಕಡಿಮೆ ಮಾಡಿ ಎಂದಂತೆ.

ಮಾತಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸ್ಪ್ಯಾನಿಷ್‌ನ ‘ತೂ’, ‘ಉಸ್ತೆದ್’ ನಮ್ಮ ‘ನೀನು’, ‘ನೀವು’ ಇದ್ದಂತೆ. ಹಿರಿಯರಿಗೆ ‘ಉಸ್ತೆದ್’ ಎನ್ನಿ. ‘ತೆಂಗೊ ಅಸೂಕರ್’ ಎಂಬ ಅವರ ಮಾತೂ ನಮ್ಮವರ ‘ಶುಗರ್ ಇದೆ’ ಎಂಬ ಮಾತೂ ಹೆಚ್ಚು ಕಡಿಮೆ ಒಂದೇ. ‘ಸೀ, ದೊಕ್ತೋರ್’ ಎಂದು ತಲೆಯಾಡಿಸಿದರೆ ಒಪ್ಪಿದರು ಎಂದುಕೊಳ್ಳಬೇಡಿ. ನಮ್ಮಲ್ಲಿ ‘ಹೂಂ ಡಾಕ್ಟ್ರೇ’ ಎನ್ನುವ ಹಾಗೆ ಅದು ಬರೀ ಮರ್ಯಾದೆಯೂ ಇರಬಹುದು. ‘ಅರ್ಥ ಆಯಿತಾ?’ ಎಂದು ಕೇಳಿ ಫಲವಿಲ್ಲ. ‘ಮನೆಗೆ ಹೋಗಿ ಇನ್ಸುಲಿನ್ ಹೇಗೆ ತಗೋತೀರಿ, ತೋರಿಸಿ’ ಎಂದು ಸಿರಿಂಜ್ ಕೈಗೆ ಕೊಡಿ. ಜೊತೆಗೆ ಬಂದ ಹತ್ತು ವರ್ಷದ ಮಗುವನ್ನು ದುಭಾಷಿ ಮಾಡಿಕೊಳ್ಳಬೇಡಿ. ತುರ್ತು ಸಂದರ್ಭ ಬಿಟ್ಟರೆ ಅಲ್ಲಿನ ನಿಯಮವೂ ಅದಕ್ಕೆ ಒಪ್ಪುವುದಿಲ್ಲ.

ಇನ್ಸುಲಿನ್ ಎಂದೊಡನೆ ಹಲವರಿಗೆ ಬರುವ ಭಯ, ಕಣ್ಣು ಹೋಗುತ್ತದೆ ಎಂಬುದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ದಡ್ಡತನ. ಸಕ್ಕರೆ ವರ್ಷಗಟ್ಟಲೆ ಏರಿದ ಮೇಲೆ ಅತ್ತೆಗೋ ಚಿಕ್ಕಪ್ಪನಿಗೋ ಇನ್ಸುಲಿನ್ ಶುರುವಾಯಿತು, ಅಷ್ಟರಲ್ಲಿ ಕೆಟ್ಟುಹೋಗಿದ್ದ ಕಣ್ಣು ಆಮೇಲೆ ಮುಚ್ಚಿತು: ಮನೆಯವರು ಕಂಡದ್ದು ಇಷ್ಟು. ಮೇಲಾಗಿ, ಮೊದಲೇ ರೆಟಿನೋಪತಿ, ಅಂದರೆ ಮಧುಮೇಹದಿಂದ ಕಣ್ಣಿನ ಒಳಪರದೆಗಾದ ಹಾನಿ, ಇದ್ದು ಸಕ್ಕರೆ ಥಟ್ಟನೆ ಇಳಿದರೆ ಕಣ್ಣು ಕೆಲಕಾಲ ಹದಗೆಡುವುದೂ ಉಂಟು. ಆದ್ದರಿಂದ ಕಣ್ಣಿನ ಪರೀಕ್ಷೆ ತಡಮಾಡದೆ ಮಾಡಿಸಿ. ದೀರ್ಘಾವಧಿ ಇನ್ಸುಲಿನ್ ಸಾಮಾನ್ಯವಾಗಿ ದಿನಕ್ಕೆ 10 ಯೂನಿಟ್, ಇಲ್ಲವೇ ಕೆ.ಜಿ. ತೂಕಕ್ಕೆ 0.1ರಿಂದ 0.2 ಯೂನಿಟ್‌ನಿಂದ ಶುರು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 80–130ಕ್ಕೆ ಬರುವವರೆಗೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾರೆ. 70ಕ್ಕಿಂತ ಕೆಳಗಿಳಿದರೆ ಏರಿಸುವುದು ನಿಲ್ಲಬೇಕು, ಡೋಸ್ ಇಳಿಸಬೇಕು.

‘ಸುಸ್ತೊ’ ಎಂಬ ಪದವೂ ಕಿವಿಗೆ ಬೀಳುತ್ತದೆ: ದೊಡ್ಡ ಹೆದರಿಕೆಯಿಂದ ಸಕ್ಕರೆ ಕಾಯಿಲೆ ಬಂತು ಎಂಬ ವಿವರಣೆ. ವಾದಕ್ಕಿಳಿಯದೆ ಯಾವ ಹೆದರಿಕೆ ಎಂದು ಕೇಳಿ. ಸಾವೋ ಅಪಘಾತವೋ ಗಡಿ ದಾಟಿದ ಕಥೆಯೋ ಹೊರಬಂದೀತು.

ಇನ್ನು ಭಾರತದಲ್ಲಿ ಓದಿದವರು ಥಟ್ಟನೆ ಹಿಡಿಯಬಲ್ಲ ಒಂದು ತಪ್ಪು. ಅಮೆರಿಕದಲ್ಲಿ ‘ಗ್ಲೈಬ್ಯುರೈಡ್’ ಎನ್ನುವ ಔಷಧಿಗೆ ಮೆಕ್ಸಿಕೊದಲ್ಲಿ ‘ಗ್ಲಿಬೆಂಕ್ಲಾಮಿದಾ’ ಎಂದು ಹೆಸರು, ನಮ್ಮ ಗ್ಲಿಬೆನ್‌ಕ್ಲಮೈಡ್. ಮೆಟ್‌ಫಾರ್ಮಿನ್ ಜೊತೆ ಸೇರಿಸಿದ ಒಂದೇ ಮಾತ್ರೆಯಾಗಿಯೂ ಅಲ್ಲಿ ಸಿಗುತ್ತದೆ. ಊರಿಂದ ತರಿಸಿದ ಈ ಮಾತ್ರೆ ನುಂಗುತ್ತಿರುವವರಿಗೆ ಕ್ಲಿನಿಕ್ಕಿನಲ್ಲಿ ಗ್ಲಿಪಿಜೈಡ್ ಬರೆದುಕೊಟ್ಟರೆ ಒಂದೇ ಗುಂಪಿನ ಎರಡು ಔಷಧಿ ಹೊಟ್ಟೆ ಸೇರಿದಂತಾಯಿತು. ವಯಸ್ಸಾದವರಲ್ಲಿ, ಮೂತ್ರಪಿಂಡ ಸೊರಗಿದವರಲ್ಲಿ ನಡುರಾತ್ರಿ ಸಕ್ಕರೆ ಕುಸಿಯಲು ಅಷ್ಟು ಸಾಕು. ‘ಬೇರೆ ಮಾತ್ರೆ ಇದೆಯಾ?’ ಎಂದರೆ ಇಲ್ಲ ಎನ್ನುತ್ತಾರೆ; ‘ಊರಿಂದ ಯಾರಾದರೂ ಏನಾದರೂ ಕಳಿಸ್ತಾರಾ?’ ಎಂದು ಕೇಳಿ. ‘ಗಿಡಮೂಲಿಕೆ’ ಎಂದು ಮಾರುವ ಕೆಲವು ಸಕ್ಕರೆ ಕ್ಯಾಪ್ಸೂಲ್‌ಗಳಲ್ಲೂ ಇದೇ ಗುಂಪಿನ ಔಷಧಿ ಕಲಬೆರಕೆಯಾಗಿದ್ದು ಸಿಕ್ಕಿಬಿದ್ದಿದೆ. ನೊಪಾಲ್, ಅಂದರೆ ಪಾಪಸುಕಳ್ಳಿಯ ಎಳೆ ಪಟ್ಟೆಯನ್ನು ಮಾತ್ರ ಧಾರಾಳವಾಗಿ ತಿನ್ನಲಿ. ಅದು ನಾರುಳ್ಳ ತರಕಾರಿ. ಔಷಧಿ ಬಿಡದಿದ್ದರೆ ಸರಿ.

ಊಟದಲ್ಲಿ ಮೊದಲು ಕೈ ಹಾಕಬೇಕಾದ್ದು ಲೋಟಕ್ಕೆ, ತಟ್ಟೆಗಲ್ಲ. 355 ಮಿ.ಲೀ. ಕೋಲಾದಲ್ಲಿ ಸಕ್ಕರೆಯೇ 39 ಗ್ರಾಂ. ಆರಿಂಚಿನ ಮೆಕ್ಕೆಜೋಳದ ತೊರ್ತಿಯಾ ಒಂದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 12 ಗ್ರಾಂ. ಅಂದರೆ ಒಂದು ಕ್ಯಾನ್ ಬಿಟ್ಟರೆ ಮೂರು ತೊರ್ತಿಯಾ ಉಳಿಸಿಕೊಳ್ಳಬಹುದು. ಬುರಿತೊ ಎಂಬ ಸುರುಳಿ ತಿನಿಸಿಗೆ ಸುತ್ತುವ ದೊಡ್ಡ ಮೈದಾ ತೊರ್ತಿಯಾ ಮಾತ್ರ ಒಂದೇ 35 ಗ್ರಾಂ ದಾಟುತ್ತದೆ. ಈ ಲೆಕ್ಕವನ್ನು ಅಡುಗೆ ಮಾಡುವವರ ಮುಂದೆ ಹೇಳಿ. ರೋಗಿ ಗಂಡಸಾಗಿದ್ದರೆ ಹೆಂಡತಿಯನ್ನೋ ತಾಯಿಯನ್ನೋ ಹೊರಗಿನ ಬೆಂಚಿನಿಂದ ಒಳಗೆ ಕರೆದು, ಇನ್ನೊಂದು ಕುರ್ಚಿ ಹಾಕಿಸಿ.