ಹಸಿರು ವಿದ್ಯುತ್ತು, ಆರ್ಥಿಕ ಬೆಳವಣಿಗೆ: ಯಾವುದು ಯಾವುದನ್ನು ಎಳೆಯುತ್ತದೆ?

ಈ ಪಾಠದಲ್ಲಿ ನಾಲ್ಕು ವಾದಗಳಿವೆ. ವಿದ್ಯುತ್ ಬಳಕೆ ಹೆಚ್ಚಿದರೆ ಜಿಡಿಪಿ, ಅಂದರೆ ಒಟ್ಟು ದೇಶೀಯ ಉತ್ಪನ್ನ, ಬೆಳೆಯುತ್ತದೆ. ಜಿಡಿಪಿ ಬೆಳೆದಿದ್ದಕ್ಕೇ ಬಳಕೆ ಹೆಚ್ಚುತ್ತದೆ. ಎರಡೂ ಒಂದನ್ನೊಂದು ಎಳೆಯುತ್ತವೆ. ಅಥವಾ ಒಂದಕ್ಕೊಂದು ಸಂಬಂಧವೇ ಇಲ್ಲ. ಸುಮ್ನೆ ಬಾಯಿಪಾಠ ಮಾಡಬೇಡಿ, ಬೆಂಗಳೂರಿನ ಕಥೆಗೆ ಹಚ್ಚಿ ನೋಡಿ.

1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಶುರುವಾಯಿತು. ಅದು ಮೊದಲು ಹೋಗಿದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ಆಗಲೇ ಜೋರಾಗಿ ನಡೆಯುತ್ತಿತ್ತು, ಕರೆಂಟು ಕೊಳ್ಳುವ ಶಕ್ತಿ ಅದಕ್ಕಿತ್ತು. ಅಂದರೆ ಬೆಳವಣಿಗೆ ಮೊದಲು, ವಿದ್ಯುತ್ತು ಆಮೇಲೆ. 1905ರಲ್ಲಿ ಬೆಂಗಳೂರಿಗೂ ಕರೆಂಟು ಬಂತು. ಬೀದಿ ದೀಪ ಹತ್ತಿತು, ಮುಂದೆ ಕಾರ್ಖಾನೆಗಳೂ ಅದನ್ನೇ ನೆಚ್ಚಿಕೊಂಡು ಬೆಳೆದವು. ಇಲ್ಲಿ ದಿಕ್ಕು ತಿರುಗಿತು, ಅಲ್ವಾ? ನನಗಂತೂ ಮೂರನೆಯ ವಾದವೇ ನಮ್ಮೂರಿಗೆ ಸರಿಹೊಂದುತ್ತದೆ ಅನ್ನಿಸುತ್ತದೆ.

ದಿಕ್ಕು ಪತ್ತೆಹಚ್ಚಲು ಗ್ರ್ಯಾಂಜರ್ ಪರೀಕ್ಷೆ ಬಳಸುತ್ತಾರೆ. ಅರ್ಥಶಾಸ್ತ್ರಜ್ಞ ಕ್ಲೈವ್ ಗ್ರ್ಯಾಂಜರ್ ಇದನ್ನು ಮುಂದಿಟ್ಟದ್ದು 1969ರಲ್ಲಿ. ನಿನ್ನೆಯ ವಿದ್ಯುತ್ ಅಂಕಿಗಳನ್ನು ಸೇರಿಸಿಕೊಂಡರೆ ಇವತ್ತಿನ ಜಿಡಿಪಿ ಅಂದಾಜು ಸುಧಾರಿಸುತ್ತದೆಯೇ ಎಂದಷ್ಟೇ ಇದು ಕೇಳುತ್ತದೆ. ನಿಜವಾದ ಕಾರಣ ಇದೇ ಎಂದು ಸಾಬೀತು ಮಾಡುವುದಿಲ್ಲ. ಉತ್ತರದಲ್ಲಿ ಈ ಮಾತು ಬರೆಯಲೇಬೇಕು.

ಸೌರಶಕ್ತಿಗೆ ಬಂದರೆ ಜಾಸ್ತಿ ಎಚ್ಚರ ಬೇಕು. ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ಸಾಮರ್ಥ್ಯ 2,050 ಮೆಗಾವ್ಯಾಟ್. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನಿಮ್ಮ ಮನೆ ಚಾವಣಿಯನ್ನೇ ತಗೊಳ್ಳಿ. 1 ಕಿಲೋವ್ಯಾಟ್ ಪ್ಯಾನೆಲ್ ದಿನವಿಡೀ ಪೂರ್ತಿ ಓಡಿದರೆ 24 ಯೂನಿಟ್ ಕೊಡಬೇಕು. ಬೆಂಗಳೂರಿನ ಬಿಸಿಲಿನಲ್ಲಿ ಸಿಗೋದು ಸುಮಾರು 4 ಯೂನಿಟ್. ಹಾಗಾಗಿ ಲೆಕ್ಕಕ್ಕೆ ಮೆಗಾವ್ಯಾಟ್ ಬಿಡಿ, ಉತ್ಪಾದನೆಯಾದ ಯೂನಿಟ್ ಹಿಡಿಯಿರಿ. ಸಂಜೆ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಶರಾವತಿಯಂಥ ಜಲವಿದ್ಯುತ್ ಬೇಕು, ಇಲ್ಲವೇ ಕಲ್ಲಿದ್ದಲು. ಬ್ಯಾಟರಿಯಲ್ಲಿ ಕೂಡಿಡಬಹುದು, ಅದಕ್ಕೆ ಖರ್ಚಿದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಹೊರದೇಶದ ಪ್ಯಾನೆಲ್ ತಂದು ಹಾಕಿದರೆ ಅದಕ್ಕೆ ಕೊಟ್ಟ ದುಡ್ಡು ನಮ್ಮ ಜಿಡಿಪಿಗೆ ಸೇರುವುದಿಲ್ಲ, ಆಮದು ಎಂದು ಕಳೆದುಹೋಗುತ್ತದೆ. ಅಳವಡಿಸುವ ಕೂಲಿ, ನಿರ್ವಹಣೆ, ಮಾರಿದ ವಿದ್ಯುತ್ತು ಮಾತ್ರ ಸೇರುತ್ತವೆ. ಪಾವಗಡದಲ್ಲಿ ರೈತರಿಂದ ಜಮೀನು ಕೊಳ್ಳದೆ ಗುತ್ತಿಗೆಗೆ ಪಡೆದರು. ಜಮೀನಿದ್ದವರಿಗೆ ವರ್ಷಾವರ್ಷ ಬಾಡಿಗೆ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಆ ಬಾಡಿಗೆ ಇಲ್ಲ. ರಾಜ್ಯದ ಒಟ್ಟು ಅಂಕಿಯಲ್ಲಿ ಇದು ಕಾಣುವುದೇ ಇಲ್ಲ. ಪ್ರಾಜೆಕ್ಟ್ ಮಾಡುವವರು ತಾಲ್ಲೂಕು ಮಟ್ಟದ ಕೂಲಿ, ಉದ್ಯೋಗದ ಅಂಕಿಗಳನ್ನೂ ಹುಡುಕಿ.